ಹಾಲಿಳಿತದ ಕಾರಣಮೀಮಾಂಸೆ: ಪಿಟ್ಯುಟರಿ ನರತುದಿಗಳ ಸಂಶೋಧನೆಯ ಒಂದು ವಿಮರ್ಶೆ

೧

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಿ ಹಸುವನ್ನು ಕರೆಯುವ ಕ್ರಮವನ್ನು ಕಾಣದವರು ವಿರಳ. ಮೊದಲು ಕರುವನ್ನು ಬಿಡುತ್ತಾರೆ. ಅದು ನಾಲ್ಕಾರು ಸಲ ಕೆಚ್ಚಲನ್ನು ಗುದ್ದಿ ಚೀಪುತ್ತದೆ. ಹಸು ಕರುವಿನ ಮೈಯನ್ನು ನೆಕ್ಕುತ್ತ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೊಲೆಗಳು ಬಿಗಿದು ತುಂಬಿಕೊಳ್ಳುತ್ತವೆ. ಹಸು ಸೊರ ಬಿಟ್ಟಿತೆಂದು ತಿಳಿದು ಕರುವನ್ನು ಎಳೆದು ಕಟ್ಟಿ, ಆಮೇಲೆ ಚೆಂಬು ಹಿಡಿಯುತ್ತಾರೆ. ಕರು ಹತ್ತಿರವಿಲ್ಲದಿದ್ದರೆ, ಗುರುತಿಲ್ಲದವರು ಕರೆಯಲು ಕುಳಿತರೆ, ಅಥವಾ ಹಸು ಬೆದರಿದರೆ, ಕೆಚ್ಚಲು ತುಂಬಿದ್ದರೂ ಹಾಲು ಇಳಿಯುವುದಿಲ್ಲ. ಆಗ ಮನೆಯವರು ಹೇಳುವ ಮಾತು ಒಂದೇ: ‘ಹಸು ಹಾಲು ಬಿಡಲಿಲ್ಲ.’

ಈ ವಾಕ್ಯದಲ್ಲಿ ಹಸುವೇ ಕರ್ತೃ. ಬಿಡುವುದೂ ಬಿಡದಿರುವುದೂ ಅದರ ಇಚ್ಛೆ ಎಂಬಂತೆ ವಾಕ್ಯವು ರಚಿತವಾಗಿದೆ. ಇದಕ್ಕೆ ಪ್ರತಿಯಾಗಿ ಶರೀರಶಾಸ್ತ್ರದ ಪರಿಚಯವುಳ್ಳವರು ಇಚ್ಛೆಯ ಮಾತನ್ನು ತಳ್ಳಿಹಾಕಿ, ‘ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಲಿಲ್ಲ’ ಎನ್ನುತ್ತಾರೆ. ಎರಡನೆಯ ಉತ್ತರವು ಮೊದಲನೆಯದಕ್ಕಿಂತ ನಿಖರವೆಂಬುದು ನಿಜ. ಆದರೆ ಏಕೆ ಬಿಡುಗಡೆಯಾಗಲಿಲ್ಲ ಎಂಬ ಪ್ರಶ್ನೆ ಅಲ್ಲಿಯೂ ಹಾಗೆಯೇ ಉಳಿಯುತ್ತದೆ. ಹಸುವಿನ ಸ್ಥಾನದಲ್ಲಿ ಒಂದು ವಸ್ತುವನ್ನು ಕರ್ತೃವಾಗಿ ಕುಳ್ಳಿರಿಸಿದಂತಾಯಿತು, ಅಷ್ಟೆ. ಪಿಟ್ಯುಟರಿ ಗ್ರಂಥಿಯ ನರತುದಿಗಳಲ್ಲಿ ಡೋಪಮೈನ್ ಗ್ರಾಹಕಗಳು ಏನು ಮಾಡುತ್ತವೆಂಬ ಸಂಶೋಧನೆ ಈ ಉಳಿದ ಪ್ರಶ್ನೆಗೆ ಸಂಬಂಧಪಟ್ಟದ್ದು. ಆ ಸಂಶೋಧನೆಯ ಸ್ವರೂಪವನ್ನೂ ಮಿತಿಯನ್ನೂ ಪರಿಶೀಲಿಸಿ, ಕಾರಣವನ್ನು ಹೇಳುವ ನಮ್ಮ ಅಭ್ಯಾಸಗಳ ಮೇಲೆ ಅದು ಯಾವ ಬೆಳಕನ್ನು ಬೀರುತ್ತದೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳಬಹುದು. ಪ್ರಯೋಗಶಾಲೆಯ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಕಾರಣಗಳನ್ನು ತೂಗಿ ನೋಡುವುದು ಇತಿಹಾಸಕಾರನ ನಿತ್ಯದ ಕೆಲಸ. ಆ ಮಟ್ಟಿಗೆ ಈ ಪರಿಶೀಲನೆಗೆ ಅವಕಾಶವುಂಟು.

೨

ಮೊದಲು ನಮ್ಮ ನೆಲದ ಇತಿಹಾಸವನ್ನೇ ತೆಗೆದುಕೊಳ್ಳೋಣ. ಮೈಸೂರು ಅರಸರ ದನಗಳ ಇಲಾಖೆಗೆ ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಶ್ರೀರಂಗಪಟ್ಟಣದ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಉದ್ದೇಶವಾಗಿತ್ತೆಂಬುದನ್ನು ಆ ಹೆಸರೇ ಸೂಚಿಸುತ್ತದೆ. ಹೈದರಲಿಯ ಕಾಲಕ್ಕೆ ಅದೇ ದನಗಳು ಸೈನ್ಯದ ಸಾಗಣೆಗೆ ಮುಖ್ಯವಾದುವು. ಚಿದಂಬರದ ರಕ್ಷಣೆಗಾಗಿ ಅವನ ಸೈನ್ಯವು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರುಗಳು ಹೇಳುತ್ತವೆ. ಟಿಪ್ಪುಸುಲ್ತಾನನು ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಾಯಿಸಿ ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ಹೀಗೆ ಹೆಸರು ಬೆಣ್ಣೆಯಿಂದ ಅಮೃತಕ್ಕೆ ಏರಿದರೂ, ಕೆಲಸವು ಬೆಣ್ಣೆಯಿಂದ ಫಿರಂಗಿಗೆ ತಿರುಗಿತ್ತು.

ಇಂದು ಅಮೃತ ಮಹಲ್, ಹಳ್ಳಿಕಾರ್ ತಳಿಗಳನ್ನು ವರ್ಣಿಸುವ ಪುಸ್ತಕಗಳಲ್ಲಿ, ಇವು ದುಡಿಮೆಗೆ ಶ್ರೇಷ್ಠ, ಹಾಲಿಗೆ ಕನಿಷ್ಠ ಎಂಬ ನಿರ್ಣಯ ಸಾಮಾನ್ಯವಾಗಿ ಕಾಣುತ್ತದೆ. ಹಾಲಿನ ಪ್ರಮಾಣ ಕಡಿಮೆಯೆಂಬುದು ಸರಿ. ಆದರೆ ಇದನ್ನು ತಳಿಯ ಸ್ವಭಾವವೆಂದು ಹೇಳಿ ಮುಗಿಸುವುದು ಐತಿಹಾಸಿಕ ದೃಷ್ಟಿಯಿಂದ ಅರ್ಧ ಉತ್ತರ. ಒಳ್ಳೆಯ ಎತ್ತು ಆಗಬೇಕಾದ ಕರುವಿಗೆ ತಾಯಿಯ ಹಾಲು ಸಮೃದ್ಧವಾಗಿ ಸಿಗಬೇಕು. ಕರುವಿಗಾಗಿ ಮಾತ್ರ ಹಾಲು ಬಿಡುವ ಹಸು ಅಂಥ ವ್ಯವಸ್ಥೆಯಲ್ಲಿ ದೋಷವುಳ್ಳ ಹಸುವಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯಲ್ಲಾಗಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಜಾತ್ರೆಯಲ್ಲಾಗಲಿ ದನ ಕೊಳ್ಳುವವರು ಹಲ್ಲು, ಸುಳಿ, ಕೊಂಬು, ನಡಿಗೆಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ಬೆಲೆಯು ಯಾವುದಕ್ಕೆ ದೊರೆಯುತ್ತದೋ ಅದಕ್ಕೆ ತಕ್ಕಂತೆ ತಲೆತಲಾಂತರದ ಆಯ್ಕೆಯೂ ನಡೆಯುತ್ತದೆ. ತಳಿಯ ಸ್ವಭಾವವೆಂದು ನಾವು ಕರೆಯುವುದರ ಹಿಂದೆ ಮನುಷ್ಯರ ಉದ್ದೇಶಗಳ ಒಂದು ಚರಿತ್ರೆಯೇ ಇದೆ. ‘ಇದು ಅದರ ಸ್ವಭಾವ’ ಎಂದೊಡನೆ ಆ ಚರಿತ್ರೆ ಕಣ್ಮರೆಯಾಗುತ್ತದೆ.

೩

ಈಗ ಶರೀರಶಾಸ್ತ್ರದ ಉತ್ತರಕ್ಕೆ ಬರೋಣ. ಹಾಲಿನ ಉತ್ಪತ್ತಿ ಬೇರೆ, ಹಾಲಿನ ಇಳಿತ ಬೇರೆ. ಕೆಚ್ಚಲಿನಲ್ಲಿರುವ ಹಾಲಿನ ಹೆಚ್ಚಿನ ಪಾಲು ಅತಿ ಸಣ್ಣ ಚೀಲಗಳಲ್ಲಿ ಸಂಗ್ರಹವಾಗಿರುತ್ತದೆ. ಆ ಚೀಲಗಳನ್ನು ಸುತ್ತುವರಿದ ಕೋಶಗಳು ಸಂಕುಚಿಸಿದಾಗ ಮಾತ್ರ ಹಾಲು ನಾಳಗಳಿಗೆ ಬರುತ್ತದೆ. ಸಂಕೋಚಕ್ಕೆ ಬೇಕಾದ ಆಜ್ಞೆಯನ್ನು ತರುವುದು ಆಕ್ಸಿಟೋಸಿನ್. ಪಿಟ್ಯುಟರಿಯ ಸಾರವು ಗರ್ಭಕೋಶವನ್ನು ಸಂಕುಚಿಸುತ್ತದೆಂದು ಹೆನ್ರಿ ಡೇಲ್ ೧೯೦೬ರಲ್ಲಿ ತೋರಿಸಿದ್ದನು. ಅದೇ ಸಾರಕ್ಕೆ ಹಾಲಿಳಿಸುವ ಗುಣವಿದೆಯೆಂಬುದು ೧೯೧೦ರಲ್ಲಿ ತಿಳಿಯಿತು. ವಿನ್ಸೆಂಟ್ ದು ವಿನ್ಯೋ ೧೯೫೩ರಲ್ಲಿ ಆಕ್ಸಿಟೋಸಿನ್ನನ್ನು ಕೃತಕವಾಗಿ ತಯಾರಿಸಿ ೧೯೫೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದನು.

ಹಸುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈಲಿ ಮತ್ತು ಪೀಟರ್ಸನ್ ಎಂಬವರು ೧೯೪೧ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಕೆಚ್ಚಲಿನ ಒಂದು ಪಾರ್ಶ್ವದ ನರಗಳನ್ನು ಕತ್ತರಿಸಿದರೂ ಎರಡು ಪಾರ್ಶ್ವಗಳಲ್ಲಿಯೂ ಹಾಲು ಇಳಿಯಿತು. ಆಜ್ಞೆಯು ಕೆಚ್ಚಲಿಗೆ ನರದ ಮೂಲಕವಲ್ಲ, ರಕ್ತದ ಮೂಲಕ ಬರುತ್ತದೆಂಬುದು ಇದರಿಂದ ಸಿದ್ಧವಾಯಿತು. ಹಸುವನ್ನು ಬೆದರಿಸಿದಾಗ ಹಾಲಿಳಿತಕ್ಕೆ ತಡೆಯುಂಟಾಗುತ್ತದೆಂಬುದನ್ನೂ ಅವರು ಕಂಡರು. ಮುಂದೆ ೧೯೯೦ರ ದಶಕದಲ್ಲಿ ಹಸುಗಳನ್ನು ಅಪರಿಚಿತ ಸ್ಥಳದಲ್ಲಿ ಕರೆದು ರಕ್ತವನ್ನು ಪರೀಕ್ಷಿಸಿದಾಗ, ಆಕ್ಸಿಟೋಸಿನ್ ರಕ್ತಕ್ಕೆ ಬಾರದೆ ನಿಂತಿದ್ದುದು ಕಂಡುಬಂತು. ಅದನ್ನೇ ಹೊರಗಿನಿಂದ ಕೊಟ್ಟರೆ ಹಾಲು ಇಳಿಯುತ್ತಿತ್ತು. ಕೆಚ್ಚಲು ಸಿದ್ಧವಾಗಿತ್ತು, ಒಳಗಿನಿಂದ ಬರಬೇಕಾದ ಅಪ್ಪಣೆ ಮಾತ್ರ ಬಂದಿರಲಿಲ್ಲ. ನಮ್ಮ ದೇಶದ ಹಲವೆಡೆ ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದುದರ ಅರ್ಥ ಇದೇ. ಪ್ರಯೋಗಶಾಲೆಗಿಂತ ಬಹಳ ಹಿಂದೆಯೇ, ತಡೆಯಿರುವುದು ಕೆಚ್ಚಲಿನಲ್ಲಲ್ಲವೆಂಬುದನ್ನು ಕರೆಯುವವರು ಬಲ್ಲವರಾಗಿದ್ದರು.

೪

ಅಪ್ಪಣೆ ಹೊರಡುವ ಸ್ಥಳ ಯಾವುದು? ಆಕ್ಸಿಟೋಸಿನ್ ತಯಾರಾಗುವುದು ಮಿದುಳಿನ ತಳಭಾಗದ ಹೈಪೊಥಲಾಮಸ್ಸಿನ ನರಕೋಶಗಳಲ್ಲಿ. ಆ ಕೋಶಗಳ ಉದ್ದವಾದ ಎಳೆಗಳು ಕೆಳಗಿಳಿದು ಪಿಟ್ಯುಟರಿಯ ಹಿಂಭಾಗದಲ್ಲಿ ಕೊನೆಗೊಳ್ಳುತ್ತವೆ. ಕೊನೆಗೊಳ್ಳುವ ಉಬ್ಬು ತುದಿಗಳಲ್ಲಿ ಆಕ್ಸಿಟೋಸಿನ್ ತುಂಬಿದ ಕಣಗಳು ಕಾದಿರುತ್ತವೆ. ಕರು ಚೀಪಿದ ಸುದ್ದಿ ಬಂದಾಗ ನರದಲ್ಲಿ ವಿದ್ಯುತ್ ಸ್ಪಂದನವುಂಟಾಗಿ, ತುದಿಯೊಳಕ್ಕೆ ಕ್ಯಾಲ್ಸಿಯಂ ಹರಿದು, ಕಣಗಳು ಒಡೆದು ರಕ್ತಕ್ಕೆ ಆಕ್ಸಿಟೋಸಿನ್ ಸೇರುತ್ತದೆ. ಅದರ ಪ್ರಭಾವ ಕೆಲವು ನಿಮಿಷಗಳದ್ದು. ಆದುದರಿಂದಲೇ ಸೊರ ಬಿಟ್ಟ ಮೇಲೆ ತಡಮಾಡದೆ ಕರೆಯಬೇಕೆಂಬ ನಿಯಮ.

ಈ ತುದಿಗಳ ನಡುವೆ ಇನ್ನೊಂದು ಜಾತಿಯ ನರಗಳೂ ಬಂದು ಸೇರುತ್ತವೆ. ಅವು ಹೊರಸೂಸುವ ವಸ್ತುವೇ ಡೋಪಮೈನ್. ತುದಿಗಳ ಮೇಲಿರುವ ಗ್ರಾಹಕಗಳೆಂಬ ಪ್ರೋಟೀನುಗಳು ಅದನ್ನು ಹಿಡಿಯುತ್ತವೆ. ಇವುಗಳಲ್ಲಿ ಡಿ-೧, ಡಿ-೨ ಎಂಬ ಎರಡು ಮುಖ್ಯ ವರ್ಗಗಳಿವೆಯೆಂದು ಕೆಬಾಬಿಯನ್ ಮತ್ತು ಕಾಲ್ನೆ ೧೯೭೯ರಲ್ಲಿ ವಿಂಗಡಿಸಿದರು. ಡಿ-೧ ಗ್ರಾಹಕವು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಸ್ತುವನ್ನು ಹೆಚ್ಚಿಸುತ್ತದೆ. ಡಿ-೨ ಸಾಮಾನ್ಯವಾಗಿ ಅದನ್ನು ತಗ್ಗಿಸುತ್ತದೆ. ಸೈಕ್ಲಿಕ್ ಎಎಂಪಿ ಹೆಚ್ಚಿದಾಗ ಕೈನೇಸ್ ಎಂಬ ಕಿಣ್ವವು ಚುರುಕಾಗಿ, ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಇತರ ಪ್ರೋಟೀನುಗಳಿಗೆ ಅಂಟಿಸುತ್ತದೆ. ಇದೇ ಫಾಸ್ಫಾರಿಲೀಕರಣ. ಹಾಗೆ ಅಂಟಿದ್ದನ್ನು ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವು ಬಿಡಿಸುತ್ತದೆ. ಅಂಟಿಸುವ ಮತ್ತು ಬಿಡಿಸುವ ಈ ಕ್ರಿಯೆಗಳಿಂದ ಪ್ರೋಟೀನಿನ ನಡತೆ ಬದಲಾಗುತ್ತದೆಂಬುದನ್ನು ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ೧೯೫೦ರ ದಶಕದಲ್ಲಿ ಮಾಂಸಖಂಡದಲ್ಲಿ ಕಂಡುಹಿಡಿದರು. ಅದಕ್ಕಾಗಿ ೧೯೯೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಫಾಸ್ಫೇಟನ್ನು ಒದಗಿಸುವ ಎಟಿಪಿಯನ್ನು ೧೯೨೯ರಲ್ಲಿ ಕಂಡುಹಿಡಿದವರಲ್ಲಿ, ಆಂಧ್ರದ ಭೀಮವರದಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯೊಡನೆ ದುಡಿದ ಎಲ್ಲಾಪ್ರಗಡ ಸುಬ್ಬರಾಯರು ಒಬ್ಬರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು.

ನರಗಳ ವಿಷಯಕ್ಕೆ ಈ ತತ್ತ್ವವನ್ನು ಅನ್ವಯಿಸಿದವರಲ್ಲಿ ಪಾಲ್ ಗ್ರೀನ್‌ಗಾರ್ಡ್ ಪ್ರಮುಖನು. ಅವನೂ ಅವನ ಸಂಗಡಿಗರೂ ನರತುದಿಗಳಲ್ಲಿ ಸಿನಾಪ್ಸಿನ್ ಎಂಬ ಪ್ರೋಟೀನನ್ನು ಗುರುತಿಸಿದರು. ಇದು ನರತುದಿಯ ಸಣ್ಣ ಕೋಶಿಕೆಗಳನ್ನು ಹಿಡಿದಿಟ್ಟುಕೊಂಡಿರುತ್ತದೆ; ಫಾಸ್ಫೇಟು ಅಂಟಿದಾಗ ಹಿಡಿತ ಸಡಿಲವಾಗುತ್ತದೆ. ೧೯೮೫ರಲ್ಲಿ ಟ್ರೈಮನ್ ಮತ್ತು ಗ್ರೀನ್‌ಗಾರ್ಡ್ ಇಲಿಯ ಪಿಟ್ಯುಟರಿಯ ಹಿಂಭಾಗವನ್ನು ತೆಗೆದುಕೊಂಡು, ಅಲ್ಲಿಯ ಪ್ರೋಟೀನುಗಳ ಫಾಸ್ಫಾರಿಲೀಕರಣವನ್ನು ಡಿ-೧, ಡಿ-೨ ಗ್ರಾಹಕಗಳೆರಡೂ ನಿಯಂತ್ರಿಸುತ್ತವೆಂದು ವರದಿಮಾಡಿದರು. ನರಗಳ ಸಂದೇಶವಹನದ ಬಗೆಗಿನ ಒಟ್ಟು ಕೆಲಸಕ್ಕಾಗಿ ಗ್ರೀನ್‌ಗಾರ್ಡನಿಗೆ ೨೦೦೦ದಲ್ಲಿ ಅರ್ವಿಡ್ ಕಾರ್ಲ್ಸನ್ ಮತ್ತು ಎರಿಕ್ ಕ್ಯಾಂಡೆಲ್ ಇವರೊಡನೆ ನೊಬೆಲ್ ಪಾರಿತೋಷಕವು ಸಂದಿತು.

೫

ಈ ಸಂಶೋಧನೆಯ ಗುಣವೇನು? ನರತುದಿಯು ಮೇಲಿನಿಂದ ಬಂದ ಆಜ್ಞೆಯನ್ನು ಹಾಗೆಯೇ ಪಾಲಿಸುವ ನಿರ್ಜೀವ ಬಾಗಿಲಲ್ಲವೆಂಬುದನ್ನು ಅದು ತೋರಿಸುತ್ತದೆ. ಆಜ್ಞೆಯು ತುದಿಯನ್ನು ಮುಟ್ಟಿದ ಮೇಲೂ ಅಲ್ಲಿ ಇನ್ನೊಂದು ವಿಚಾರಣೆ ನಡೆಯುತ್ತದೆ. ಒಂದೇ ಡೋಪಮೈನ್ ಯಾವ ಗ್ರಾಹಕವನ್ನು ಹಿಡಿಯಿತೆಂಬುದರ ಮೇಲೆ ಬೇರೆ ಬೇರೆ ಫಲಗಳನ್ನು ಕೊಡಬಲ್ಲದು. ಕೊಟ್ಟ ಫಲವನ್ನು ಹಿಂದಕ್ಕೆ ತೆಗೆದುಕೊಳ್ಳುವ ಏರ್ಪಾಡೂ ಅಲ್ಲಿಯೇ ಇದೆ. ಇಲ್ಲಿ ಕಾರಣವೆಂಬುದು ಒಂದು ವಸ್ತುವಲ್ಲ, ಒಂದು ವ್ಯವಸ್ಥೆ.

ಆದರೆ ಮಿತಿಗಳನ್ನು ಹೇಳದೆ ಗುಣವನ್ನು ಮಾತ್ರ ಹೇಳುವುದು ವಿಮರ್ಶೆಯಾಗಲಾರದು. ಮೊದಲನೆಯದಾಗಿ, ಫಾಸ್ಫೇಟು ಅಂಟಿತೆಂಬುದು ಒಂದು ಸಂಗತಿ, ಆಕ್ಸಿಟೋಸಿನ್ ಹೊರಬಂತೆಂಬುದು ಇನ್ನೊಂದು. ಸಿನಾಪ್ಸಿನ್ನಿನ ಸಂಬಂಧವಿರುವುದು ಸಣ್ಣ ಕೋಶಿಕೆಗಳೊಡನೆ. ಆಕ್ಸಿಟೋಸಿನ್ ಇರುವುದು ದೊಡ್ಡ ಕಣಗಳಲ್ಲಿ. ಅಷ್ಟಲ್ಲದೆ ಪಿಟ್ಯುಟರಿಯ ಹಿಂಭಾಗದಲ್ಲಿ ಆಕ್ಸಿಟೋಸಿನ್ನಿನ ತುದಿಗಳು ಮಾತ್ರವಲ್ಲ, ವ್ಯಾಸೊಪ್ರೆಸಿನ್ನಿನ ತುದಿಗಳೂ ಡೋಪಮೈನಿನ ಸ್ವಂತ ತುದಿಗಳೂ ಇವೆ. ಫಾಸ್ಫೇಟು ಅಂಟಿದ್ದರಿಂದ ಹಾರ್ಮೋನು ಹೊರಬಂತೆಂದು ಹೇಳಲು ನಡುವಿನ ಹೆಜ್ಜೆಗಳಿಗೆ ಬೇರೆಯೇ ಪ್ರಮಾಣ ಬೇಕು. ಎರಡು ಘಟನೆಗಳು ಒಂದೇ ಊರಿನಲ್ಲಿ ನಡೆದುವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂಬುದನ್ನು ಇತಿಹಾಸದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ.

ಎರಡನೆಯದಾಗಿ, ಡೋಪಮೈನ್ ಆಕ್ಸಿಟೋಸಿನ್ನನ್ನು ತಡೆಯುತ್ತದೆಯೋ ಪ್ರೇರಿಸುತ್ತದೆಯೋ ಎಂಬ ಪ್ರಶ್ನೆಗೆ ಪ್ರಯೋಗಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ. ಕೆಲವುದರಲ್ಲಿ ತಡೆ, ಕೆಲವುದರಲ್ಲಿ ಪ್ರೇರಣೆ ಕಂಡಿದೆ. ಹೈಪೊಥಲಾಮಸ್ಸಿನಲ್ಲಿ ಒಂದು ಬಗೆ, ನರತುದಿಯಲ್ಲಿ ಇನ್ನೊಂದು ಬಗೆಯಾಗುವುದು ಸಾಧ್ಯ. ಹೀಗೆ ಉತ್ತರಗಳು ಬೇರೆಯಾಗುವುದನ್ನು ಶಾಸ್ತ್ರದ ಸೋಲೆಂದು ತಿಳಿಯಬೇಕಾಗಿಲ್ಲ. ಸ್ಥಳ ಮತ್ತು ಸ್ಥಿತಿಗಳನ್ನು ಬಿಟ್ಟು ಪ್ರಶ್ನೆಯನ್ನು ಕೇಳಬಾರದೆಂಬ ಎಚ್ಚರಿಕೆಯನ್ನಾಗಿ ತಿಳಿಯಬೇಕು.

ಮೂರನೆಯದಾಗಿ, ಇದು ಇಲಿಯ ಗ್ರಂಥಿಯನ್ನು ದೇಹದಿಂದ ಬೇರ್ಪಡಿಸಿ ಮಾಡಿದ ಕೆಲಸ. ಹೇಮಗಿರಿಯ ಹಳ್ಳಿಕಾರ್ ಹಸು ಗುರುತಿಲ್ಲದವರ ಕೈಗೆ ಹಾಲು ಕೊಡದಿರುವುದಕ್ಕೆ ಡಿ-೨ ಗ್ರಾಹಕವೇ ಕಾರಣವೆಂದು ಇದರಿಂದ ನಿರ್ಣಯಿಸಲಾಗದು. ನರತುದಿಯಲ್ಲಿ ಅಂಥ ನಿಯಂತ್ರಣಕ್ಕೆ ಅವಕಾಶವಿದೆಯೆಂಬುದಷ್ಟೆ ಸಿದ್ಧವಾದದ್ದು. ಅವಕಾಶವಿದೆಯೆಂಬುದನ್ನು ಹಾಗೆಯೇ ನಡೆಯಿತೆಂದು ಓದುವುದು ಶಾಸನದಲ್ಲಿ ಅಳಿಸಿಹೋದ ಅಕ್ಷರಗಳನ್ನು ತನ್ನ ಇಷ್ಟದಂತೆ ತುಂಬಿ ಓದಿದ ಹಾಗೆ.

೬

ಮೂಲ ಸಂಶೋಧನೆಯಲ್ಲಿರುವ ಈ ಎಚ್ಚರವು ಅದನ್ನು ಜನಕ್ಕೆ ತಿಳಿಸುವ ಬರಹಗಳಲ್ಲಿ ಉಳಿದಿಲ್ಲವೆಂಬುದು ವಿಷಾದದ ಸಂಗತಿ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಡೋಪಮೈನನ್ನು ‘ಸಂತೋಷದ ರಾಸಾಯನಿಕ’ವೆಂದೂ, ಆಕ್ಸಿಟೋಸಿನ್ನನ್ನು ‘ಪ್ರೀತಿಯ ಹಾರ್ಮೋನು’ ಎಂದೂ ಕರೆಯುವುದು ರೂಢಿಯಾಗಿದೆ. ಪಿಟ್ಯುಟರಿಯೊಂದನ್ನೇ ನೋಡಿದರೂ ಈ ಹೆಸರುಗಳು ನಿಲ್ಲುವುದಿಲ್ಲ. ಮುಂಭಾಗದಲ್ಲಿ ಡೋಪಮೈನ್ ರಕ್ತದ ಮೂಲಕ ಬಂದು, ಡಿ-೨ ಗ್ರಾಹಕಗಳ ದ್ವಾರಾ, ಹಾಲಿನ ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ನನ್ನು ತಡೆಯುತ್ತದೆ. ಹಿಂಭಾಗದಲ್ಲಿ ಅದು ನರಗಳ ಮೂಲಕ ಬಂದು ಬೇರೆ ಕೆಲಸವನ್ನು ಮಾಡುತ್ತದೆ. ಇವೆರಡರಲ್ಲಿ ಯಾವುದಕ್ಕೂ ಸಂತೋಷದ ಹೆಸರು ಹೊಂದುವುದಿಲ್ಲ. ‘ಹಸುವಿನ ಹಟ’ವೆಂಬ ಹಳೆಯ ಮಾತಿಗೂ ‘ಪ್ರೀತಿಯ ಹಾರ್ಮೋನು’ ಎಂಬ ಹೊಸ ಮಾತಿಗೂ ತಾರತಮ್ಯ ಬಹಳವಿಲ್ಲ. ಎರಡರಲ್ಲಿಯೂ ಹೆಸರಿಟ್ಟೊಡನೆ ವಿಚಾರ ನಿಂತುಹೋಗುತ್ತದೆ.

ಇದು ಕೇವಲ ಬರವಣಿಗೆಯ ದೋಷವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಒಂದೇ ವಸ್ತುವಿನ ಮೇಲೆ ಎಲ್ಲವನ್ನೂ ಹೊರಿಸುವ ಅಭ್ಯಾಸವು ರಾಜ್ಯಾಡಳಿತದಲ್ಲಿಯೂ ಫಲ ಕೊಟ್ಟಿದೆ. ಹಾಲು ಕರೆಯುವಾಗ ಆಕ್ಸಿಟೋಸಿನ್ ಚುಚ್ಚುಮದ್ದನ್ನು ದುರುಪಯೋಗಪಡಿಸುತ್ತಾರೆಂಬ ದೂರು ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಅದನ್ನು ತಡೆಯುವುದಕ್ಕೆಂದು ಕೇಂದ್ರ ಸರ್ಕಾರವು ೨೦೧೮ರ ಏಪ್ರಿಲ್ ೨೭ರಂದು ಹೊರಡಿಸಿದ ಪ್ರಕಟಣೆಯಲ್ಲಿ, ದೇಶದೊಳಗಣ ಉಪಯೋಗಕ್ಕಾಗಿ ಖಾಸಗಿ ಕಾರ್ಖಾನೆಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಒದಗಿಸುವ ಭಾರವು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಎಂಬ ಸರ್ಕಾರಿ ಸಂಸ್ಥೆಯೊಂದರ ಮೇಲೆ ಬಿತ್ತು. ಆದರೆ ಹೆರಿಗೆಯ ಅನಂತರದ ರಕ್ತಸ್ರಾವವನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಮೊದಲಿಗೆ ಶಿಫಾರಸು ಮಾಡುವುದು ಈ ಔಷಧವನ್ನೇ. ತಂಪಿನಲ್ಲಿ ಕಾಪಾಡಬೇಕಾದ, ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೂ ತಪ್ಪದೆ ಇರಬೇಕಾದ ಔಷಧವದು. ಸರಬರಾಜು ಒಂದೇ ಕಡೆಯಿಂದ ಬರುವಂತಾದರೆ ತಾಯಂದಿರ ಪ್ರಾಣಕ್ಕೆ ಅಪಾಯವಾಗಬಹುದೆಂದು ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಆಕ್ಷೇಪಿಸಿದರು. ದೆಹಲಿಯ ಉಚ್ಚ ನ್ಯಾಯಾಲಯವು ೨೦೧೮ರ ಡಿಸೆಂಬರ್ ೧೪ರಂದು ಆ ಪ್ರಕಟಣೆಯನ್ನು ರದ್ದುಪಡಿಸಿತು. ನಿಷೇಧಕ್ಕೆ ವೈಜ್ಞಾನಿಕ ಆಧಾರವಿರಲಿಲ್ಲವೆಂಬುದು ಅದರ ಅಭಿಪ್ರಾಯದ ಮುಖ್ಯಾಂಶ. ೨೦೧೯ರಲ್ಲಿ ಸುಪ್ರೀಂ ಕೋರ್ಟು ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ದುರುಪಯೋಗವು ಒಪ್ಪತಕ್ಕದ್ದೆಂದು ಇಲ್ಲಿ ವಾದಿಸುತ್ತಿಲ್ಲ. ಅವಶ್ಯಕತೆಯಿಲ್ಲದೆ ದಿನವೂ ಚುಚ್ಚುವುದು ಹಸುವಿಗೆ ಹಿಂಸೆ. ತನ್ನಷ್ಟಕ್ಕೆ ಹಾಲಿಳಿಸುವ ಅದರ ಅಭ್ಯಾಸವೂ ಇದರಿಂದ ಕುಂದುತ್ತದೆ. ಆದರೆ ಕೊಟ್ಟಿಗೆಯವರು ಸೂಜಿಯನ್ನು ಹಿಡಿಯುವುದೇಕೆ? ಕರು ಸತ್ತಿರಬಹುದು, ಅಥವಾ ಅದನ್ನು ತಾಯಿಯಿಂದ ಬೇಗ ಅಗಲಿಸಿರಬಹುದು. ಹಸುವನ್ನು ಹೊಸದಾಗಿ ಕೊಂಡು ತಂದಿರಬಹುದು. ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತಿರಬಹುದು. ನರತುದಿಯಲ್ಲಿ ಅಪ್ಪಣೆ ತಡೆಯುವುದಕ್ಕೆ ಹೊರಗೆ ಇಷ್ಟು ಕಾರಣಗಳಿರುವಾಗ, ಅವುಗಳನ್ನು ಬಿಟ್ಟು ವಸ್ತುವೊಂದನ್ನೇ ಅಪರಾಧಿಯನ್ನಾಗಿ ಮಾಡಿದ ಆಜ್ಞೆಯು ಕೊಟ್ಟಿಗೆಯ ಪ್ರಶ್ನೆಯನ್ನು ಬಗೆಹರಿಸದೆ ಹೆರಿಗೆಯ ಕೋಣೆಯಲ್ಲಿ ಹೊಸ ಪ್ರಶ್ನೆಯನ್ನು ಹುಟ್ಟಿಸಿತು.

೭

ಇಷ್ಟರಿಂದ ನಾವು ತಲುಪಬಹುದಾದ ನಿರ್ಣಯವು ಸರಳವಾದದ್ದು. ಬೆಣ್ಣೆ ಚಾವಡಿಯ ದನಗಳ ವಿಷಯದಲ್ಲಿ ‘ತಳಿಯ ಸ್ವಭಾವ’, ಮಿದುಳಿನ ವಿಷಯದಲ್ಲಿ ‘ಸಂತೋಷದ ರಾಸಾಯನಿಕ’, ಶಾಸನದ ವಿಷಯದಲ್ಲಿ ‘ಅಪಾಯಕಾರಿ ಔಷಧ’ ಈ ಮೂರೂ ಒಂದೇ ದೋಷದ ಮೂರು ರೂಪಗಳು. ಕಾರ್ಯವು ಯಾವ ಸ್ಥಳದಲ್ಲಿ, ಯಾವ ಸ್ಥಿತಿಯಲ್ಲಿ, ಯಾವುದರ ಅಪ್ಪಣೆ ಮತ್ತು ಯಾವುದರ ತಡೆಗಳ ನಡುವೆ ನಡೆಯಿತೆಂದು ಕೇಳುವುದೇ ಇದಕ್ಕೆ ಪರಿಹಾರ. ನರತುದಿಯ ಸಂಶೋಧಕರು ಸಾಸುವೆಯಷ್ಟೂ ಇಲ್ಲದ ಜಾಗದಲ್ಲಿ ಈ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿದ್ದಾರೆ. ರಾಜ್ಯಗಳ ಏಳುಬೀಳುಗಳಿಗೆ ಒಂದೊಂದೇ ಕಾರಣವನ್ನು ಬಾಯಿಪಾಠ ಮಾಡಿಸುವ ನಮ್ಮ ಇತಿಹಾಸದ ತರಗತಿಗಳಿಗೆ ಇದರಿಂದ ಕಲಿಯತಕ್ಕದ್ದು ಉಂಟು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದುದಕ್ಕೆ ಒಬ್ಬನ ದ್ರೋಹವನ್ನು ಮಾತ್ರ ಕಾರಣವಾಗಿ ಬರೆದ ಉತ್ತರಪತ್ರಿಕೆಗೆ ನಾವು ಈಗಲೂ ಪೂರ್ಣ ಅಂಕಗಳನ್ನು ಕೊಡುತ್ತಿದ್ದೇವೆ.

ಕೊನೆಯದಾಗಿ ಒಂದು ಸೂಚನೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಪಿಟ್ಯುಟರಿಯ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದರ ಸುತ್ತಣ ಹಳ್ಳಿಗಳಲ್ಲಿ ಅದೇ ಪಾಠವು ದಿನಕ್ಕೆರಡು ಬಾರಿ ಕೊಟ್ಟಿಗೆಯಲ್ಲಿ ನಡೆಯುತ್ತದೆ. ಸೊರ, ಕೆಚ್ಚಲು, ಕರು ಬಿಡುವುದು ಮೊದಲಾದ ಮಾತುಗಳಲ್ಲಿ ಅಡಗಿರುವ ಅನುಭವವನ್ನು ಕರೆಯುವವರಿಂದಲೇ ಕೇಳಿ ಬರೆದಿಟ್ಟು, ಶರೀರಶಾಸ್ತ್ರದ ವಿದ್ಯಾರ್ಥಿಗಳೂ ಇತಿಹಾಸದ ವಿದ್ಯಾರ್ಥಿಗಳೂ ಕೂಡಿ ಪರಿಶೀಲಿಸಿದರೆ ಎರಡು ಶಾಸ್ತ್ರಗಳಿಗೂ ಪ್ರಯೋಜನವಾದೀತು. ಕರುವಿಲ್ಲದೆ ಹಾಲು ಬಿಡುವ ಮಿಶ್ರತಳಿಯ ಹಸುಗಳು ಹೆಚ್ಚಿರುವ ಈ ಕಾಲದಲ್ಲಿ ಆ ಅನುಭವವುಳ್ಳವರ ಸಂಖ್ಯೆ ಇಳಿಯುತ್ತಿದೆ. ಈ ಕೆಲಸವನ್ನು ಬೇಗನೆ ಕೈಗೊಳ್ಳುವುದು ಅವಶ್ಯ.